ಅಪ್ಪಣೆ ಕೊಟ್ಟ ಹುಡುಗಿ

ನಮ್ಮ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕರ ಹುದ್ದೆ ಖಾಲಿ ಬಿದ್ದು ಎಷ್ಟೋ ವರ್ಷವಾಗಿತ್ತು. ಹಾಗಾಗಿ, ಮಕ್ಕಳಿಗೆ ಸೈನಿಕರ ಮಾದರಿಯಲ್ಲಿ ನಾಯಕತ್ವ ಮತ್ತು ಪೌರತ್ವದ ತರಬೇತಿ ಕೊಡಬೇಕೆಂಬ ಆದೇಶ ಬಂದ ದಿನ, ಸ್ಟಾಫ್ ರೂಮಿನಲ್ಲಿದ್ದವರೆಲ್ಲ ಇದ್ದಕ್ಕಿದ್ದಂತೆ ತಲೆ ತಗ್ಗಿಸಿ ಉತ್ತರ ಪತ್ರಿಕೆ ತಿದ್ದತೊಡಗಿದರು. ನನ್ನ ಕೈಯಲ್ಲಿದ್ದದ್ದು ಚಹಾ ಲೋಟ. ಹೆಡ್‌ಮಾಸ್ಟರ ಕಣ್ಣಿಗೆ ನಾನೇ ಬಿದ್ದೆ.

"ನೀವು ಸಮಾಜ ವಿಜ್ಞಾನದೋರು. ಹಕ್ಕು, ಕರ್ತವ್ಯ ಅಂತ ಪಾಠ ಮಾಡ್ತೀರಲ್ಲ, ಇದೂ ಅದೇ ಕಣ್ರೀ. ಸ್ವಲ್ಪ ಕೈಕಾಲು ಜಾಸ್ತಿ ಆಡಿಸ್ಬೇಕು, ಅಷ್ಟೆ" ಎಂದರು.

ಸೊರಬ ತಾಲ್ಲೂಕಿನ ಹೊಸಬಾಳೆ ಕಡೆಯ ನಮ್ಮೂರಿನ ಮಕ್ಕಳಿಗೆ ಕೈಕಾಲು ಆಡಿಸುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಬೆಳಿಗ್ಗೆ ಕೊಟ್ಟಿಗೆ ಕೆಲಸ ಮುಗಿಸಿ, ಸೈಕಲ್ ತುಳಿದು ಬರುವವರೇ ಹೆಚ್ಚು. ಕಲಿಯಬೇಕಾದವಳು ನಾನು. ಸೀರೆಯ ಮೇಲೆ ಕ್ಯಾನ್ವಾಸ್ ಶೂ ಹಾಕಿಕೊಂಡು ಮೈದಾನಕ್ಕಿಳಿದೆ.

ಕವಾಯತು ಕಲಿಸಲು ಅಂಜನಾಪುರದ ಕಡೆಯಿಂದ ನಿವೃತ್ತ ಹವಾಲ್ದಾರರೊಬ್ಬರು ಬೈಕಿನಲ್ಲಿ ಬರುತ್ತಿದ್ದರು. ಅವರ ಮೀಸೆಗೂ ಬೂಟಿಗೂ ಒಂದೇ ಡಬ್ಬಿಯ ಪಾಲಿಶ್ ಹಾಕಿದ್ದಾರೇನೋ ಎನ್ನುವಷ್ಟು ಹೊಳಪು. ಅಪ್ಪಣೆಗಳೆಲ್ಲ ಹಿಂದಿಯಲ್ಲಿ. ಮೊದಲ ದಿನ ಅವರು "ಬಾಯೇ ಮುಡ್!" ಎಂದು ಗರ್ಜಿಸಿದಾಗ ಎಡಕ್ಕೆ ತಿರುಗಬೇಕಾಗಿದ್ದ ಮಕ್ಕಳು ನಿಂತಲ್ಲೇ ತುಟಿ ಬಿಗಿದುಕೊಂಡರು. ಬಾಯಿ ಮುಚ್ಚಲು ಹೇಳಿದರೆಂದೇ ಎಲ್ಲರೂ ತಿಳಿದಿದ್ದರು. ಹವಾಲ್ದಾರರು ಸಾಲನ್ನೊಮ್ಮೆ ನೋಡಿ, "ಇರ್ಲಿ ಬಿಡ್ರಿ ಮೇಡಂ, ಅದೂ ಶಿಸ್ತೇ ಐತಿ" ಎಂದರು.

ಒಂಬತ್ತನೇ ತರಗತಿಯಲ್ಲಿ ಕುರಿ ಸಾಕುವ ಮನೆಯ ಹುಡುಗಿಯೊಬ್ಬಳಿದ್ದಳು. ಕೆರೆಯ ಆಚೆ ದಡದಲ್ಲಿರುವ ತಮ್ಮನನ್ನು ಈಚೆ ದಡದಿಂದ ಊಟಕ್ಕೆ ಕರೆಯುವಷ್ಟು ದೊಡ್ಡ ದನಿ. ಆ ದನಿಗಾಗಿಯೇ ಹವಾಲ್ದಾರರು ಅವಳನ್ನು ದಳದ ನಾಯಕಿ ಮಾಡಿ ಖಾಕಿ ಸಮವಸ್ತ್ರದ ತೋಳಿಗೆ ಪಟ್ಟಿ ಹಚ್ಚಿದರು. ಮಾಡಿದ ವಾರದಲ್ಲೇ ಪಶ್ಚಾತ್ತಾಪವೂ ಆಯಿತು.

"ನಾಯಕ ಅಂದ್ರ ಯಾರು? ಮ್ಯಾಲಿಂದ ಹೇಳಿದ್ದನ್ನ ಯಾಕ ಅನ್ನದಂಗ ಮಾಡಾವ!" ಎಂದು ಅವರು ಒಂದು ಸಂಜೆ ಬೋಧಿಸುತ್ತಿದ್ದರು.

ಹುಡುಗಿ ಕೈ ಎತ್ತಿದಳು. "ಸರ್, ಹಂಗಾರೆ ಮೇಲಿಂದ ಹೇಳ್ತಾರಲ್ಲ, ಅವ್ರು ಯಾರು?"

"ಅವರೂ ನಾಯಕರೇ."

"ಅವ್ರಿಗೆ ಯಾರು ಹೇಳ್ತಾರೆ ಸರ್?"

ಹವಾಲ್ದಾರರು ಉತ್ತರದ ಬದಲು ಮೈದಾನ ಸುತ್ತುವ ಶಿಕ್ಷೆ ಕೊಟ್ಟರು. ಅವಳು ಓಡುತ್ತಿದ್ದಾಗ ನನ್ನ ಹತ್ತಿರ ಬಂದು, "ಪ್ರಶ್ನೆ ಸರಿ ಐತ್ರಿ. ಸರ್ವಿಸ್ನಾಗ ಇದ್ದಾಗ ನಮಗ ಹೊಳೀಲಿಲ್ಲ" ಎಂದು ಪಿಸುಗುಟ್ಟಿದರು.

ವರ್ಷದ ಕೊನೆಗೆ ಸೊರಬ, ಶಿಕಾರಿಪುರ ಎರಡೂ ತಾಲ್ಲೂಕಿನ ದಳಗಳ ಕವಾಯತು ಶಿಕಾರಿಪುರದಲ್ಲಿ ಏರ್ಪಾಡಾಯಿತು. ಬೆಳಗಿನ ಬಸ್ಸಿಗೆ ಹೊರಟು ಮೈದಾನ ಸೇರಿದಾಗ ಶಾಮಿಯಾನ ಎದ್ದು ನಿಂತಿತ್ತು. ನೆರಳೆಲ್ಲ ಗಣ್ಯರ ಕುರ್ಚಿಗಳಿಗೆ. ಮಕ್ಕಳು ಬಯಲಿನಲ್ಲಿ ಸಾಲಾಗಿ ನಿಂತರು. ಮುಖ್ಯ ಅತಿಥಿಗಳು ನಾಯಕತ್ವದ ಬಗ್ಗೆ ಮಾತನಾಡುವುದೆಂದಿತ್ತು. ಅವರು "ಇನ್ನೇನು ಬಂದ್ರು" ಎಂದು ಸಂಘಟಕರು ಮೈಕಿನಲ್ಲಿ ಹೇಳಿದರು. ಬಿಸಿಲು ನೆತ್ತಿಗೇರಿದ ಮೇಲೂ ಅದನ್ನೇ ಹೇಳಿದರು. ನೀರಿನ ಡ್ರಮ್ಮು ತಳ ಕಂಡಿತ್ತು. ನಮ್ಮ ಸಾಲಿನಲ್ಲೇ ಇಬ್ಬರು ಹುಡುಗಿಯರು ಕುಸಿದು ಕೂತರು.

ನಾನು ಸಂಘಟಕರ ಬಳಿ ಹೋಗಿ, "ಮಕ್ಕಳನ್ನ ಸ್ವಲ್ಪ ಹೊತ್ತು ನೆರಳಿಗೆ ಬಿಡ್ರೀ" ಎಂದೆ.

"ಮೇಡಂ, ನೆರಳಾಗ ಕುಂತ್ರ ನಾಯಕತ್ವ ಬರ್ತತೇನ್ರಿ?" ಎಂದು ಅವರು ಶಾಮಿಯಾನದ ಕೆಳಗೆ ಕುಳಿತೇ ಕೇಳಿದರು.

ನಾನು ಖಾಲಿ ಡ್ರಮ್ಮಿನತ್ತ ಕೈ ತೋರಿಸುತ್ತಿರುವಾಗ ಹಿಂದಿನಿಂದ ಕೆರೆ ದಾಟುವ ಆ ದನಿ ಕೇಳಿತು.

"ಸಾವಧಾನ್! ಪೀಛೇ ಮುಡ್! ತೇಜ್ ಚಲ್!"

ನಮ್ಮ ದಳ ಹಿಂದಕ್ಕೆ ತಿರುಗಿ, ಕುಸಿದಿದ್ದ ಇಬ್ಬರನ್ನೂ ತೋಳು ಹಿಡಿದು ನಡೆಸಿಕೊಂಡು ಗೇಟಿನತ್ತ ಹೆಜ್ಜೆ ಹಾಕಿತು. ಪಕ್ಕದ ಶಾಲೆಯವರೂ ತಿರುಗಿದರು. ಅವರ ಪಕ್ಕದವರೂ. ಅಪ್ಪಣೆ ಯಾರದೆಂದು ಯಾರೂ ನೋಡಲಿಲ್ಲ. ನೋಡಬಾರದೆಂದೇ ವರ್ಷವಿಡೀ ಕಲಿಸಿದ್ದೆವಲ್ಲ. ಇಡೀ ಮೈದಾನ ಒಂದೇ ಹೆಜ್ಜೆಯಲ್ಲಿ ಖಾಲಿಯಾಯಿತು. ಅಷ್ಟು ಚೆಂದದ ಕವಾಯತನ್ನು ನಾನು ಹಿಂದೆಯೂ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ. ಹವಾಲ್ದಾರರಂತೂ ಅಭ್ಯಾಸಬಲದಿಂದ ಸೆಲ್ಯೂಟ್ ಹೊಡೆದೇಬಿಟ್ಟರು.

ದಳ ನೇರವಾಗಿ ರಸ್ತೆಯಾಚೆಯ ಮಾರುಕಟ್ಟೆಯ ಶೆಡ್ಡಿಗೆ ನುಗ್ಗಿತು. ಅಲ್ಲಿ ಮೆಕ್ಕೆಜೋಳದ ಚೀಲಗಳ ರಾಶಿ, ನೆರಳು, ನಲ್ಲಿ. ಖಾಕಿ ಕಂಡ ವರ್ತಕರೊಬ್ಬರು ತಪಾಸಣೆಯೆಂದು ಎದ್ದು ನಿಂತು ಕೈಮುಗಿದರು. ವಿಷಯ ತಿಳಿದ ಹಮಾಲರು ನಕ್ಕು, ಕೊಡಗಳಲ್ಲಿ ನೀರು ತಂದು ಬೊಗಸೆಗಳಿಗೆ ಹುಯ್ದರು. ಹುಡುಗಿ ಕುಸಿದಿದ್ದ ಇಬ್ಬರನ್ನೂ ಚೀಲದ ಮೇಲೆ ಮಲಗಿಸಿ, ತನ್ನ ಟೋಪಿಯಿಂದ ಗಾಳಿ ಹಾಕುತ್ತಿದ್ದಳು.

"ಏನೇ ಇದು?" ಎಂದೆ.

"ಬಿದ್ ಹೋಗ್ತಿದ್ರು ಮಿಸ್" ಎಂದಳು. ಅವಳ ಮಟ್ಟಿಗೆ ವಿವರಣೆ ಅಲ್ಲಿಗೆ ಮುಗಿದಿತ್ತು.

ಮುಖ್ಯ ಅತಿಥಿಗಳ ಕಾರು ಬಂದದ್ದು ಆಗಲೇ. ಖಾಲಿ ಮೈದಾನ ಕಂಡು ಅವರು, "ಎಲ್ರೀ ನಿಮ್ ನಾಯಕ್ರು?" ಎಂದರಂತೆ. ಅವರಿಗೆ ಇನ್ನೊಂದು ಕಾರ್ಯಕ್ರಮವಿತ್ತು. ಮಕ್ಕಳನ್ನು ಮತ್ತೆ ಸಾಲು ಮಾಡಿಸುವಷ್ಟು ಪುರುಸೊತ್ತಿರಲಿಲ್ಲ. ಹಾರದ ಸಮೇತ ಶೆಡ್ಡಿಗೇ ಬಂದು, ಎತ್ತರವಿರಲೆಂದು ತೂಕದ ಯಂತ್ರದ ಮೇಲೆ ಹತ್ತಿ ನಿಂತು ಭಾಷಣ ಶುರುಮಾಡಿದರು. ಅವರು ಕೈ ಬೀಸಿದಾಗಲೆಲ್ಲ ಹಿಂದಿನ ಪರದೆಯಲ್ಲಿ ಕೆಂಪು ಅಂಕಿಗಳು ಏರಿಳಿಯುತ್ತಿದ್ದವು. "ನಾಯಕನಾದವನು ಸಂದರ್ಭಕ್ಕೆ ತಕ್ಕ ನಿರ್ಧಾರ ತಗೋಬೇಕು!" ಎಂದಾಗ ಅಂಕಿ ಸರ್ರನೆ ಮೇಲೇರಿತು. ಮಕ್ಕಳು ಬಿದ್ದು ಬಿದ್ದು ನಕ್ಕು ಚಪ್ಪಾಳೆ ತಟ್ಟಿದರು. ಅತಿಥಿಗಳು ಮಾತು ನಾಟಿತೆಂದು ಸಂತೋಷಪಟ್ಟು ಹೊರಟರು.

ಆದರೆ ಸಂಘಟಕರಿಗೆ ಸಂತೋಷವಾಗಲಿಲ್ಲ. ಮರುವಾರ ನಮ್ಮ ಶಾಲೆಗೇ ವಿಚಾರಣೆಗೆ ಬಂದರು. ಮಕ್ಕಳಿಗೆ ನೀರು ಯಾಕಿರಲಿಲ್ಲವೆಂದು ಅಲ್ಲ. ಅಪ್ಪಣೆ ಕೊಡಲು ಅವಳಿಗೆ ಅಪ್ಪಣೆ ಕೊಟ್ಟವರು ಯಾರೆಂದು. ನಾನು ಕೊಟ್ಟೆನೆಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹುಡುಗಿ, "ಯಾರೂ ಕೊಟ್ಟಿಲ್ಲ ಸರ್, ನಾನೇ" ಎಂದಳು. ಹೆಡ್‌ಮಾಸ್ಟರು ತಲೆ ಚಚ್ಚಿಕೊಂಡರು. ಪಟ್ಟಿಯನ್ನು ಬಿಚ್ಚಿ ಇನ್ನೊಬ್ಬನಿಗೆ ಕೊಡುವುದೆಂದಾಯಿತು. ಯಾರು ಏನು ಹೇಳಿದರೂ ಹೂಂ ಎನ್ನುವ, ಸ್ವಭಾವದಲ್ಲಿ ತುಂಬ ಒಳ್ಳೆಯ ಹುಡುಗ.

ಅವಳು ಅಳಲಿಲ್ಲ. ಮಾರನೇ ದಿನ ಅವಳಮ್ಮ ಶಾಲೆಗೆ ಬಂದರು. ಜಗಳಕ್ಕೆ ಬಂದರೆಂದು ನಾನು ಹೆದರಿದೆ. "ಪಟ್ಟಿ ಹೋದ್ರೆ ಹೋಗ್ಲಿ ಮಿಸ್, ಡ್ರೆಸ್ ವಾಪಸ್ ಕೇಳ್ಬೇಡಿ. ಚಳೀಲಿ ಕುರಿ ಹಟ್ಟಿಗೆ ಹೋಗೋಕೆ ಬೆಚ್ಚಗದೆ" ಎಂದರು.

ಮುಂದಿನ ವರ್ಷದ ಕವಾಯತಿಗೆ ನೀರಿನ ವ್ಯವಸ್ಥೆ ಆಗಬಹುದೆಂದುಕೊಂಡಿದ್ದೆ. ಗೇಟಿಗೆ ಬೀಗದ ವ್ಯವಸ್ಥೆ ಆಗಿತ್ತು. ಅತಿಥಿಗಳು ಎಂದಿನಂತೆ ತಡ. ಹೊಸ ನಾಯಕ ಮುಂದೆ ಕಂಬದಂತೆ ನಿಂತಿದ್ದ. ನಾನು ತಿರುಗಿ ನೋಡಿದಾಗ ಹಿಂದಿನ ಸಾಲಿನಲ್ಲಿ, ಹತ್ತನೇ ತರಗತಿಗೆ ಬಂದಿದ್ದ ಆ ಹುಡುಗಿ ಮನೆಯಿಂದ ಹೊತ್ತು ತಂದಿದ್ದ ಗೊಬ್ಬರದ ಚೀಲದ ಬಾಯಿ ಬಿಚ್ಚುತ್ತಿದ್ದಳು. ಒಳಗೆ ಹಳೆಯ ಬಾಟಲಿಗಳ ತುಂಬ ನೀರು. ಒಂದೊಂದಾಗಿ ಸಾಲಿನುದ್ದಕ್ಕೂ ದಾಟಿಸತೊಡಗಿದಳು. ಹವಾಲ್ದಾರರು ನೋಡಿದರು, ಮೀಸೆ ಸವರಿಕೊಂಡು ಶಾಮಿಯಾನದ ಕಡೆ ಮುಖ ಮಾಡಿದರು. ನಾನು ಶೂ ಸದ್ದಾಗದಂತೆ ಹಿಂದಕ್ಕೆ ಹೋಗಿ ಚೀಲದ ಇನ್ನೊಂದು ತುದಿ ಹಿಡಿದುಕೊಂಡೆ.