ಮೂರು ಜೀವಿಗಳಿಗೆ ಒಂದೇ ಚಿತ್ರ

ವಿಭಾಗದ ಮುಖ್ಯಸ್ಥರೇ, ನೀವು ನನ್ನ ಕೈಯಿಂದ ಸುಳ್ಳು ಬರೆಸಿದ್ದೀರಿ.

ಬೀದರಿನ ಕಾಲೇಜಿನಲ್ಲಿ ಎಂ.ಎಸ್ಸಿ. ಕೊನೆಯ ವರ್ಷದ ವರದಿಗೆ ನಾನು ಆರಿಸಿಕೊಂಡ ವಿಷಯ ಕ್ರೊಮ್ಯಾಟಿನ್: ಮಾರುದ್ದದ ಡಿಎನ್‌ಎ ಎಳೆ ಕಣ್ಣಿಗೆ ಕಾಣದ ಕೋಶಕೇಂದ್ರದೊಳಗೆ ಪ್ರೋಟೀನುಗಳೊಂದಿಗೆ ಅಡಕವಾಗಿ ಕೂರುವ ಬಗೆ. ಔರಾದಿನ ಹೊಲದ ತೊಗರಿಯಲ್ಲೂ ಅದನ್ನು ಕೊಯ್ಯುವವರ ಮೈಯಲ್ಲೂ ಆ ಎಳೆ ಹಿಸ್ಟೋನ್ ಎಂಬ ಬಹುತೇಕ ಒಂದೇ ಪ್ರೋಟೀನಿಗೆ ಸುತ್ತಿಕೊಂಡಿದೆ. ಅಷ್ಟು ಹಳೆಯ ರಕ್ತಸಂಬಂಧ ಅದು. ಹುಂಜದ ವೀರ್ಯಾಣುವಾದರೋ ಹಿಸ್ಟೋನುಗಳನ್ನು ಕಳಚಿ, ಬೇರೆ ಪುಟ್ಟ ಪ್ರೋಟೀನುಗಳಿಂದ ಎಳೆಯನ್ನು ಬಿಗಿದುಕೊಳ್ಳುತ್ತದೆ. ಕೆರೆಯ ನೀರಿನ ಡೈನೋಫ್ಲ್ಯಾಜಲೇಟ್ ಎಂಬ ಏಕಕೋಶ ಜೀವಿ ಅವುಗಳನ್ನು ಬಹುಮಟ್ಟಿಗೆ ತೊರೆದೇಬಿಟ್ಟಿದೆ. ಅದರ ವರ್ಣತಂತುಗಳು ಸದಾ ಹುರಿಗೊಂಡೇ ಇರುತ್ತವೆ.

ಔರಾದಿನ ತೊಗರಿಯನ್ನು ಮೊಳಕೆ ಬರಿಸಿ ಬೇರಿನ ತುದಿ ಕತ್ತರಿಸಿದೆ. ಭಾಲ್ಕಿಯ ಕೋಳಿ ಅಂಗಡಿಯಲ್ಲಿ ಹುಂಜದ ವೃಷಣ ಕೇಳಿದಾಗ ಅಂಗಡಿಯವರು ಚಾಕು ಕೆಳಗಿಟ್ಟು ನನ್ನನ್ನೇ ನೋಡಿದರು.

“ಅಕ್ಕಾರ, ಅದರಿಂದ ಬಿರ್ಯಾನಿ ಆಗಂಗಿಲ್ರಿ.”

ಆದರೂ ಕಟ್ಟಿಕೊಟ್ಟರು, ರೊಕ್ಕ ಮಾತ್ರ ತೆಗೆದುಕೊಳ್ಳಲಿಲ್ಲ. ಆ ಏಕಕೋಶ ಜೀವಿ ಇರುವ ಕೆರೆಯ ನೀರಿಗಾಗಿ ಎರಡು ತಿಂಗಳು ಅಲೆದೆ. ಕೊನೆಗೊಂದು ಮಧ್ಯಾಹ್ನ, ಕೆಂಪು ಬಣ್ಣ ಹಿಡಿದ ಆ ಹುರಿಗಳು ಸೂಕ್ಷ್ಮದರ್ಶಕದಡಿ ಕಂಡಾಗ ಊಟ ಮರೆತು ಕೂತಿದ್ದೆ.

ಚಿತ್ರ ತೆಗೆಯಲು ಕ್ಯಾಮೆರಾ ಸಿಗಲಿಲ್ಲ. ತಪಾಸಣೆಗೆ ಬರುವ ಸಮಿತಿಗೆ ಹೊಸದಾಗಿಯೇ ಕಾಣಬೇಕೆಂದು ನೀವು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಿರಿ. ಸಮಿತಿ ಬರುವ ಹಿಂದಿನ ದಿನ ಮೂರೂ ಜೀವಿಗಳ ಗಾಜಿನ ಸ್ಲೈಡುಗಳಿದ್ದ ನನ್ನ ತಟ್ಟೆ ಸೋಪಿನ ನೀರಿನಲ್ಲಿತ್ತು. ನಮ್ಮಲ್ಲಿ ಸ್ಲೈಡುಗಳನ್ನು ತೊಳೆದು ಮತ್ತೆ ಬಳಸುವುದೇ ರೂಢಿ. ಪ್ರಯೋಗಾಲಯದ ಸಹಾಯಕಿಯ ಮುಖ ಬಾಡಿತ್ತು: “ಸಾಹೇಬ್ರು ಕಾಚೆಲ್ಲಾ ಫಳಫಳ ಇರಬೇಕಂದ್ರವ್ವಾ. ನಿನ್ನವು ಅಂತ ನಂಗ ಹ್ಯಾಂಗ ತಿಳೀಬೇಕು?”

ಆಕೆಯ ಮೇಲೆ ನನಗೆ ದೂರಿಲ್ಲ. ನಿಮ್ಮ ಕೋಣೆಗೆ ಬಂದೆ. ಹೊಸ ಸ್ಲೈಡು ಮಾಡಲು ಹದಿನೈದು ದಿನ ಕೇಳಿದೆ. ನೀವು ಹಳೆಯ ವರದಿಯೊಂದನ್ನು ನನ್ನತ್ತ ಸರಿಸಿದಿರಿ.

“ಉಳ್ಳಾಗಡ್ಡಿ ಬೇರಿಂದು ಫೋಟೊ ಅದ, ಮೂರಕ್ಕೂ ಅದೇ ಹಚ್ಚು. ನ್ಯೂಕ್ಲಿಯಸ್ ಅಂದ್ರ ನ್ಯೂಕ್ಲಿಯಸ್. ಯಾರ್ ನೋಡ್ತಾರ?”

ಕೋಟ್ಯಂತರ ವರ್ಷಗಳಲ್ಲಿ ಜೀವಗಳು ಕಂಡುಕೊಂಡ ಬೇರೆ ಬೇರೆ ದಾರಿಗಳನ್ನು ಒಂದು ಈರುಳ್ಳಿಯ ಬೇರಿನಲ್ಲಿ ಮುಗಿಸಿದಿರಿ. ನನ್ನ ವರದಿಯಲ್ಲಿ ಅದನ್ನೇ ಮೂರು ಕಡೆ ಅಂಟಿಸಿ ಸಹಿ ಹಾಕಿದವಳು ನಾನು. ಪದವಿ ತಪ್ಪೀತೆಂದು ಹೆದರಿದೆ. ಪರೀಕ್ಷಕರೂ ಕೇಳಲಿಲ್ಲ. ಈಗ ಆ ವರದಿ ಗ್ರಂಥಾಲಯದಲ್ಲಿ ಮಾದರಿಯೆಂದು ಕೂತಿದೆ. ಈ ವರ್ಷದ ವಿದ್ಯಾರ್ಥಿಗಳು ಅದನ್ನೇ ನಕಲು ಮಾಡುತ್ತಿದ್ದಾರೆ.

ಆದ್ದರಿಂದ ಕೋರುತ್ತೇನೆ: ನನ್ನ ವರದಿಯನ್ನು ಕೂಡಲೇ ಹಿಂತೆಗೆದುಕೊಳ್ಳಿ, ಅದರಲ್ಲಿನ ಚಿತ್ರಗಳು ಸುಳ್ಳೆಂದು ವಿಭಾಗದ ಸೂಚನಾ ಫಲಕದಲ್ಲಿ ಪ್ರಕಟಿಸಿ, ನನ್ನನ್ನು ಮರುಪರೀಕ್ಷೆಗೆ ಒಳಪಡಿಸಿ. ಪದವಿ ಹೋದರೆ ಹೋಗಲಿ. ಹಾಗೆ ಅಂಟಿಸಲು ಏಕೆ ಹೇಳಿದಿರಿ ಎಂಬುದಕ್ಕೆ ನಿಮ್ಮ ಸಹಿಯುಳ್ಳ ಲಿಖಿತ ಉತ್ತರ ಕೊಡಿ.