ಅಜ್ಜಿ ಹೂಂ ಅಂದಿದ್ದರು

ಹುಣಸೂರಿನಿಂದ ಮೈಸೂರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕೂತಿದ್ದಾಗ ಸರಗೂರಿನಿಂದ ಫೋನ್ ಬಂತು. ಕಣ್ಣಿನ ಆಸ್ಪತ್ರೆಯೊಂದರ ಪರವಾಗಿ ಹಳ್ಳಿ ಸುತ್ತಿ, ಪೊರೆ ಬಂದವರ ಹೆಸರು ಬರೆದುಕೊಳ್ಳುವ ಅಕ್ಕ ಮಾತಾಡುತ್ತಿದ್ದರು. ಅವರ ಮೊಬೈಲಿನಲ್ಲಿರುವ ಆ್ಯಪ್ ನಮ್ಮ ಆಫೀಸಿನದು. ಅದರ ಮುಕ್ಕಾಲು ಕೋಡ್ ಬರೆದವಳು ನಾನು.

“ಮೇಡಂ, ಒಬ್ರು ಅಜ್ಜಿ ನೆನ್ನೆ ಆರು ಗಂಟೆಗೇ ಬಸ್‌ಸ್ಟ್ಯಾಂಡಿಗೆ ಬಂದು ಕೂತಿದ್ರು. ಬಟ್ಟೆ ಬ್ಯಾಗೂ ತಂದಿದ್ರು. ಆಸ್ಪತ್ರೆ ವ್ಯಾನು ಬಂತು, ಪಟ್ಟೀಲಿ ಅವ್ರ ಹೆಸ್ರೇ ಇಲ್ಲ. ಡ್ರೈವರ್ರು ಹತ್ತಿಸ್ಕೊಳ್ನಿಲ್ಲ ಕಣ್ರೀ.”

“ಆಪರೇಷನ್‌ಗೆ ಒಪ್ಪಿಗೆ ಇದೆ ಅಂತ ಬರೆದಿದ್ರಾ ಅಕ್ಕ?”

“ಬರ್ದಿದ್ದೆ. ಹೂಂ ಅಂತ. ಅವ್ರು ಏನಂದ್ರೋ ಅದ್ನೇ ಬರ್ದೆ.”

ಬಸ್ಸು ಬಿಳಿಕೆರೆ ದಾಟುವ ಹೊತ್ತಿಗೆ ತಪ್ಪು ಎಲ್ಲಿದೆ ಎಂದು ನನಗೆ ಗೊತ್ತಾಗಿತ್ತು. ಒಪ್ಪಿಗೆ ಇದೆಯೇ ಎಂಬ ಪ್ರಶ್ನೆಗೆ ‘ಹೌದು’ ಎಂದೇ ಬರೆದಿದ್ದರೆ ಒಪ್ಪಿಗೆ ಇದೆ, ಬೇರೆ ಏನೇ ಬರೆದಿದ್ದರೂ ಇಲ್ಲ. ಅವಸರದಲ್ಲಿ ನಾನು ಬರೆದ ಒಂದೇ ಸಾಲು ಕೋಡ್. ಆಫೀಸಿಗೆ ಹೋಗಿ, ಇಲ್ಲಿಯವರೆಗೆ ಬಂದ ಉತ್ತರಗಳನ್ನು ತೆಗೆದು ನೋಡಿದೆ. ಹೂಂ, ಹೂ, ಆಯ್ತು, ಬತ್ತೀನಿ, ಮಗಳನ್ನ ಕೇಳ್ಬೇಕು, ಹಬ್ಬ ಆಗ್ಲಿ. ಕೆಲವು ಖಾಲಿ. ಅಷ್ಟನ್ನೂ ನನ್ನ ಸಾಲು ‘ಇಲ್ಲ’ ಎಂದು ಮಾಡಿ ಆಸ್ಪತ್ರೆಗೆ ಕಳಿಸಿತ್ತು.

ಎರಡು ದಿನ ಕೂತು ‘ಒಪ್ಪಿಗೆ’ ಅಂತಲೇ ಒಂದು ಪುಟ್ಟ ಕ್ಲಾಸ್, ಅಂದರೆ ಕೋಡಿನ ಒಂದು ತುಣುಕು, ಬರೆದೆ. ನಮ್ಮ ಕೆಲಸದಲ್ಲಿ ಇಂಥದ್ದಕ್ಕೆ ವ್ಯಾಲ್ಯೂ ಆಬ್ಜೆಕ್ಟ್ ಅನ್ನುತ್ತೇವೆ. ಬಂದ ಮಾತನ್ನು ಅದು ಬಾಗಿಲಲ್ಲೇ ನಿಲ್ಲಿಸಿ ನೋಡುತ್ತದೆ. ಗೊತ್ತಿರುವ ಮಾತಾದರೆ ಒಳಗೆ ಬಿಟ್ಟುಕೊಳ್ಳುತ್ತದೆ. ಆಮೇಲೆ ಅದನ್ನು ಯಾರೂ ತಿದ್ದುವಂತಿಲ್ಲ. ಗೊತ್ತಿಲ್ಲದ ಮಾತಾದರೆ ತಾನೇ ಊಹೆ ಮಾಡದೆ, ಮತ್ತೆ ಕೇಳಿ ಬನ್ನಿ ಎಂದು ವಾಪಸ್ಸು ಕಳಿಸುತ್ತದೆ. ಹೌದು, ಇಲ್ಲ ಎರಡರ ಜೊತೆಗೆ ಮೂರನೆಯದೊಂದನ್ನೂ ಇಟ್ಟೆ: ಇನ್ನೂ ಹೇಳಿಲ್ಲ. ಎಷ್ಟೋ ದಿನದ ಮೇಲೆ ನಾನು ಬರೆದದ್ದು ನನಗೇ ಇಷ್ಟವಾಗಿತ್ತು.

ಆಫೀಸಿನ ನಮ್ಮ ಹಿರಿಯರು ಅದನ್ನು ತಾಳ್ಮೆಯಿಂದಲೇ ಓದಿದರು. “ಚೆನ್ನಾಗಿದೆ ಕಣಮ್ಮ. ಆದ್ರೆ ಆಸ್ಪತ್ರೆ ಸಿಸ್ಟಮ್ ತಗೊಳ್ಳೋದು ಎರಡೇ. ನಿನ್ನ ಮೂರನೇದನ್ನ ಎಲ್ಲಿಗೆ ಕಳಿಸ್ಲಿ?”

“ಅವರಿಗೆ ಹೇಳಿ ಬದಲಾಯಿಸೋಕಾಗಲ್ವಾ ಸರ್?”

“ಕೇಳಿದೆ. ಆಗಲ್ಲ ಅಂದ್ರು.”

ಕೊನೆಗೆ ಅವರೇ ದಾರಿ ಹುಡುಕಿದರು. ಆ್ಯಪಿನಲ್ಲಿ ಉತ್ತರ ಬರೆಯುವ ಜಾಗ ತೆಗೆದು ಒಂದು ಚೌಕ ಇಡು ಅಂದರು. ಒತ್ತಿದರೆ ಹೌದು, ಒತ್ತದಿದ್ದರೆ ಇಲ್ಲ. ನಾನು ವಾದ ಮಾಡಿದೆ, ಧ್ವನಿಯೂ ಏರಿತು. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಅಷ್ಟೆ. ಆ ಚೌಕದ ಕೋಡನ್ನೂ ನಾನೇ ಬರೆದೆ.

ಭಾನುವಾರ ಸರಗೂರಿಗೆ ಹೋದೆ. ಹೋಗಿ ಏನು ಮಾಡಬೇಕೆಂದು ಗೊತ್ತಿರಲಿಲ್ಲ, ಮನೆಯಲ್ಲಿ ಇರಲಾಗಲಿಲ್ಲ. ಅಕ್ಕ ಆಟೋದಲ್ಲಿ ಅಜ್ಜಿಯ ಹಳ್ಳಿಗೆ ಕರೆದುಕೊಂಡು ಹೋದರು. ಅಜ್ಜಿ ಜಗಲಿಯ ಮೇಲೆ ಕೂತು ಕೈಯಲ್ಲೇ ತಡವಿ ಅವರೆಕಾಯಿ ಸುಲಿಯುತ್ತಿದ್ದರು. ತಪ್ಪು ನನ್ನದು ಅಂದೆ. ನಾನು ಕೂತ ಕಡೆಗಲ್ಲ, ಸ್ವಲ್ಪ ಪಕ್ಕಕ್ಕೆ ನೋಡುತ್ತ, “ಓಗ್ಲಿ ಬುಡವ್ವ, ನೀನೇನ್ ಬೇಕಂತ ಮಾಡಿದ್ಯಾ” ಅಂದರು.

“ಇನ್ನೊಂದು ಸಲ ವ್ಯಾನು ಬರುತ್ತೆ ಅಜ್ಜಿ. ಹೆಸರು ಬರೀಲಾ?”

“ಅವತ್ತು ಧೈರ್ಯ ಮಾಡ್ಕಂಡು ಮನೆಯಿಂದ ಒಂಟಿದ್ದೆ ಕಣವ್ವ. ಎಲ್ರೂ ವ್ಯಾನ್ ಅತ್ಕಂಡ್ರು, ನಾನೊಬ್ಳೇ ಉಳ್ಕಂಡೆ. ಈಗ ಆ ಧೈರ್ಯ ಎಲ್ಲದೆ?”

“ಹಾಗಾದ್ರೆ ಬೇಡ ಅಂತ ಬರೀಲಾ?”

“ಬ್ಯಾಡ ಅಂತ ನಾನೆಲ್ಲಂದೆ? ನೋಡನ ಇರು.”

“ಬರ್ತೀರಾ ಹಾಗಾದ್ರೆ?”

“ಹೂಂ,” ಅಂದರು. ಅದು ಬರ್ತೀನಿ ಅನ್ನುವ ಹೂಂ ಅಲ್ಲ, ನೀನು ಹೇಳಿದ್ದು ಕೇಳಿಸಿತು ಅನ್ನುವ ಹೂಂ. ಅಕ್ಕನಿಗೂ ಹಾಗೇ ಅನ್ನಿಸಿರಬೇಕು, ಮೊಬೈಲನ್ನು ನನ್ನ ಕೈಗೆ ಕೊಟ್ಟರು. ಚೌಕ ಖಾಲಿ ಇತ್ತು. ಒತ್ತಿದರೆ, ಅವರು ಕೊಡದ ಒಪ್ಪಿಗೆಯನ್ನು ನಾನು ಕೊಟ್ಟ ಹಾಗೆ. ಬಿಟ್ಟರೆ, ಅವರು ಹೇಳದ ‘ಇಲ್ಲ’ವನ್ನು ನಾನು ಹೇಳಿದ ಹಾಗೆ. ಒತ್ತದೆ ವಾಪಸ್ಸು ಕೊಟ್ಟೆ. ಅಜ್ಜಿ ಕಾಫಿ ಕುಡಿಯದೆ ಹೋಗಬೇಡ ಅಂದರು. ಕುಡಿದು ಹೊರಟೆವು.

ಮುಂದಿನ ತಿಂಗಳು ವ್ಯಾನು ಸರಗೂರಿಗೆ ಬಂದು ಹೋಯಿತು. ಪಟ್ಟಿಯಲ್ಲಿ ಅಜ್ಜಿಯ ಹೆಸರಿರಲಿಲ್ಲ, ಅವರು ಬಸ್‌ಸ್ಟ್ಯಾಂಡಿಗೂ ಬಂದಿರಲಿಲ್ಲ. ಅಕ್ಕ ಫೋನ್ ಮಾಡಿ ಹೇಳಿದರು.

“ನೀವು ಒತ್ತಿದ್ದಿದ್ರೆ ಬಂದ್ಬುಡ್ತಿದ್ರೇನೋ ಮೇಡಂ.”

“ಬರ್ತಿದ್ರಾ ಅಕ್ಕ?”

“ಅದೂ ಗೊತ್ತಿಲ್ಲ ಕಣ್ರೀ,” ಅಂದರು ಅಕ್ಕ.