ಹೆಸರಿಲ್ಲದವರ ವಾರ್ಡು

ಮೂವತ್ತೊಂದು ವರ್ಷದಿಂದ ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಹಿರಿಯ ನರ್ಸ್ ಆಗಿರುವವಳು ನಾನು. ರಕ್ತ ಕಂಡು ತಲೆಸುತ್ತಿ ಬಿದ್ದ ಹೊಸ ಹುಡುಗಿಯರನ್ನು ನೀರು ಚಿಮುಕಿಸಿ ಎಬ್ಬಿಸಿದ್ದೇನೆ. ರೋಗಿಯ ಹೆಸರು ಓದಿ ಬೆವರಿದವಳು ಮಾತ್ರ ಕನಿಶಾಯ್ ಒಬ್ಬಳೇ.

ಅವಳು ನಾರಿನ್ ಪಟ್ಟಣದಲ್ಲಿ ನರ್ಸಿಂಗ್ ಓದಿ, ಓದು ಮುಗಿದ ತಿಂಗಳಲ್ಲೇ ನಮ್ಮ ಊರಿಗೆ ಸೊಸೆಯಾಗಿ ಬಂದಳು. ಆಗ ಆಸ್ಪತ್ರೆಯಲ್ಲಿ ಎರಡು ಜಾಗ ಖಾಲಿ ಇದ್ದವು. ಒಂದು ನನ್ನ ವಾರ್ಡಿನಲ್ಲಿ, ಇನ್ನೊಂದು ಹಸುಗೂಸುಗಳ ವಾರ್ಡಿನಲ್ಲಿ. ಎರಡೂ ಕಡೆ ಎರಡೆರಡು ವಾರ ದುಡಿದು, ಆಮೇಲೆ ತನಗೆ ಬೇಕಾದ್ದನ್ನು ತಾನೇ ರಿಜಿಸ್ಟರಿನಲ್ಲಿ ಬರೆಯಬೇಕು. ಬರೆದ ಮೇಲೆ ಐದು ವರ್ಷ ಅಲ್ಲಾಡುವಂತಿಲ್ಲ.

ಮೊದಲ ದಿನ ಅವಳ ಕೈ ನೋಡಿಯೇ ನನಗೆ ಆಸೆ ಹುಟ್ಟಿತು. ಒಣಗಿ ಅಂಟಿಕೊಂಡ ಬ್ಯಾಂಡೇಜನ್ನು ಅವಳು ಬಿಡಿಸುತ್ತಿದ್ದರೆ ರೋಗಿ ತನ್ನ ಹರಟೆ ನಿಲ್ಲಿಸುತ್ತಿರಲಿಲ್ಲ. ಅವಳಿಗೂ ಇಲ್ಲೇ ಮನಸ್ಸು. "ಅಕ್ಕಾ, ಗಾಯ ದಿನಾ ಒಂಚೂರು ಒಂಚೂರು ಕೂಡ್ಕೊಳ್ಳೋದು ನೋಡಿದ್ರೆ ನಂಗೆ ಊಟಾನೇ ಬೇಡ ಅನ್ಸುತ್ತೆ," ಅಂದಳು.

ತೊಡಕು ಬಂದದ್ದು ನನ್ನದೇ ನಿಯಮದಿಂದ. ಹಿಂದೊಮ್ಮೆ ಒಬ್ಬನ ಇಂಜೆಕ್ಷನ್ ಪಕ್ಕದವನಿಗೆ ಬಿದ್ದಿತ್ತು. ಅವತ್ತಿನಿಂದ, ಸೂಜಿ ಹಿಡಿದವಳು ರೋಗಿಯ ಹೆಸರನ್ನು ಗಟ್ಟಿಯಾಗಿ ಕರೆಯಬೇಕು, ಅವನು ಓಗೊಡಬೇಕು ಅಂತ ಮಾಡಿದ್ದೆ. ನಮ್ಮಲ್ಲಿ ಸೊಸೆಯಾದವಳು ಗಂಡನ ಕಡೆಯ ಹಿರಿಯ ಗಂಡಸರ ಹೆಸರನ್ನು ಬಾಯಿಗೆ ತರುವಂತಿಲ್ಲ, ಅವರಿಗೆ ಬೆನ್ನು ಮಾಡುವಂತೆಯೂ ಇಲ್ಲ. ಕನಿಶಾಯ್‌ಳ ಗಂಡನ ವಂಶವೆಂದರೆ ಅರ್ಧ ಊರು. ಹುಲ್ಲು ಕೊಯ್ಯುವ ಕಾಲ ಬೇರೆ. ಕುದುರೆಯಿಂದ ಬಿದ್ದವರು, ಕುಡುಗೋಲು ತಗುಲಿದವರು ಅಂತ ನನ್ನ ಹನ್ನೆರಡು ಮಂಚಗಳಲ್ಲಿ ಐದರ ಮೇಲೆ ಅವಳ ದೊಡ್ಡಮಾವ, ಚಿಕ್ಕಮಾವಂದಿರೇ ಮಲಗಿದ್ದರು.

ಹುಡುಗಿ ಒಂದು ಉಪಾಯ ಹೂಡಿದಳು. ಹೆಸರಿನ ಬದಲು ಗುರುತು ಹೇಳಿ ಕರೆಯುವುದು. ಬಾಗಿಲಲ್ಲಿ ನಿಂತು, "ಕುಂಟು ಕುದುರೇನ ಗಟ್ಟಿ ಕುದುರೆ ಅಂತ ಮಾರಿದ ದೊಡ್ಡಮಾವ, ಇಂಜೆಕ್ಷನ್!" ಅಂದಳು.

ಯಾರೂ ಓಗೊಡಲಿಲ್ಲ. ಒಬ್ಬರು ಗೋಡೆಯ ಕಡೆ ಹೊರಳಿದರು. ಒಂಬತ್ತನೇ ಮಂಚದಲ್ಲಿ ಕಾಲು ಮುರಿದುಕೊಂಡು ಮಲಗಿದ್ದವನು ಮೊಣಕೈ ಊರಿ ಎದ್ದ. ಆ ಕುದುರೆ ಕೊಂಡವನೂ ಅವನೇ, ಅದರ ಮೇಲಿಂದ ಬಿದ್ದವನೂ ಅವನೇ.

"ಓಹೋ! ಹಂಗಾದ್ರೆ ಅದು ಮೊದ್ಲೇ ಕುಂಟ್ತಿತ್ತಾ?"

ಅವತ್ತು ಎರಡು ಊರುಗೋಲು ಮುರಿದವು. ಗದ್ದಲ ಇಳಿದ ಮೇಲೆ ಕನಿಶಾಯ್ ದೊಡ್ಡಮಾವನಿಗೆ ಬೇಕಾದ ಕಡೆಯೇ ಚುಚ್ಚಿ, ಬೆನ್ನು ತೋರಿಸಬಾರದೆಂದು ಟ್ರೇ ಹಿಡಿದು ಹಿಂದಹಿಂದಕ್ಕೆ ನಡೆದು, ಬಾಗಿಲಲ್ಲಿ ಬರುತ್ತಿದ್ದ ಡಾಕ್ಟರಿಗೆ ಡಿಕ್ಕಿ ಹೊಡೆದಳು.

ನಾನು ರೇಗಿದೆ. "ನಿಯಮ ಅಂದ್ರೆ ನಿಯಮ ಕಣೇ. ಹೆಸರು ಹೇಳೋಕೆ ಬಾಯಿಗೇನು ಬಂದಿದೆ?"

"ನಿಮ್ಮ ಮಾವನ ಹೆಸರೇನಕ್ಕಾ?"

ನನ್ನ ಮಾವ ಸತ್ತು ಹದಿನೆಂಟು ವರ್ಷವಾಗಿತ್ತು. ಆದರೂ ನಾನು ಚೀಟಿಯಲ್ಲಿ ಬರೆದು ತೋರಿಸಿದೆ. ಅವಳು ನಗಲಿಲ್ಲ, ಅದು ಅವಳ ದೊಡ್ಡತನ.

ಮುಂದಿನ ಎರಡು ವಾರ ಅವಳು ಹಸುಗೂಸುಗಳ ವಾರ್ಡಿನಲ್ಲಿದ್ದಳು. ಅವಳ ಅತ್ತೆ ಜೂರಾಖಾನ್ ಕರಿದ ರೊಟ್ಟಿಯ ಗಂಟು ಹೊತ್ತು ನನ್ನ ಹತ್ತಿರ ಬಂದಳು. "ನೋಡು ತಾಯಿ, ಅಲ್ಲಿ ಮಲಗಿರೋರಿಗೆ ಇನ್ನೂ ಹೆಸರೇ ಇಟ್ಟಿಲ್ಲ. ಬೆನ್ನು ತೋರ್ಸಿದ್ರೂ ಕೇಳೋರಿಲ್ಲ. ಸೊಸೆಗೆ ಹೇಳಿ ಮಾಡ್ಸಿದ ಜಾಗ. ನೀನು ಅವಳ ತಲೆ ಕೆಡಿಸ್ಬೇಡ." ನಾನು ಗಂಟು ಬಿಚ್ಚಿದೆ. ರೊಟ್ಟಿ ತಿಂದೆ.

ಶುಕ್ರವಾರ ಕನಿಶಾಯ್ ಬಂದು, "ಸೋಮವಾರ ಹಸುಗೂಸು ವಾರ್ಡ್ ಅಂತ ಬರೆದ್ಬಿಡ್ತೀನಕ್ಕಾ," ಅಂದಳು. ಅಳು ಬಂದಿತ್ತು, ತಡೆದುಕೊಂಡಳು. ಅಂಥ ಕೈ ಡೈಪರ್ ಮಡಿಸುತ್ತಾ ಐದು ವರ್ಷ ಕಳೆಯುವುದೇ!

ಶನಿವಾರ ಮಧ್ಯಾಹ್ನ ಅವಳ ಮಾವನನ್ನೇ ಹೊತ್ತು ತಂದರು. ಹುಲ್ಲಿನ ಗಾಡಿ ಎತ್ತಲು ಹೋಗಿ ಹರ್ನಿಯಾ ಸಿಕ್ಕಿಹಾಕಿಕೊಂಡಿತ್ತು. ಕೂಡಲೇ ಕೊಯ್ಯಬೇಕು. ನನ್ನ ವಾರ್ಡಿನ ಹುಡುಗಿಯರೆಲ್ಲ ಹುಲ್ಲು ಕೊಯ್ಯಲು ಹೋಗಿದ್ದರು, ಹಾಗಾಗಿ ಕನಿಶಾಯ್‌ಳನ್ನೇ ಕರೆಸಿದೆ. ಆಪರೇಷನ್ ಕೋಣೆಯ ಮುಂದೆ ತಳ್ಳುಮಂಚದ ಮೇಲೆ ಮುದುಕ, ಪಕ್ಕದಲ್ಲಿ ಸೂಜಿ ಹಿಡಿದ ಸೊಸೆ, ಬಾಗಿಲಿಗೆ ಅಡ್ಡವಾಗಿ ಜೂರಾಖಾನ್.

"ಕರಿ," ಅಂದೆ.

"ನೀವೇ ಕರೀರಿ ಅಕ್ಕಾ."

ನಾನು ಕರೆಯಬಹುದಿತ್ತು. ಆ ವಂಶಕ್ಕೂ ನನಗೂ ಸಂಬಂಧವಿಲ್ಲ. ಆದರೆ ನನ್ನದು ಹಾಳು ಹಟ. "ಸೂಜಿ ಯಾರ ಕೈಲಿದ್ಯೋ ಅವರೇ ಕರೀಬೇಕು."

"ಕರೆದ್ರೆ ನೋಡು ಮತ್ತೆ!" ಅಂತ ಅತ್ತೆ.

ಮುದುಕ ಹಲ್ಲು ಕಚ್ಚಿಕೊಂಡೇ ನುಡಿದ: "ನೀವು ಮೂರು ಹೆಂಗಸ್ರು ಸೇರಿ ತೀರ್ಮಾನ ಮಾಡೋದ್ರೊಳಗೆ ನಾನು ತೀರ್ಕೊಂಡಿರ್ತೀನಿ." ಆಮೇಲೆ ಅಂಗೈ ಎರಡೂ ಬಿಡಿಸಿ ಹಿಡಿದು, ನಮ್ಮಲ್ಲಿ ಹಿರಿಯರು ಹರಸುವಾಗ ಮಾಡುವಂತೆ ಮುಖದ ಮೇಲೆ ಎಳೆದುಕೊಂಡ. "ನಾನೇ ಹೇಳ್ತಿದೀನಲ್ಲ ಮಗಳೇ, ಕರಿ."

ಕನಿಶಾಯ್ ಕಣ್ಣು ಮುಚ್ಚಿಕೊಂಡಳು. "ತೊಕ್ತೊಸುನ್."

ಅವನು ಓಗೊಡಲಿಲ್ಲ. ಏನೋ ಆಯಿತೆಂದು ನಾನು ನಾಡಿ ಹಿಡಿದೆ. ನಾಡಿ ಸರಿಯಿತ್ತು. ಕಣ್ಣಿಂದ ಇಳಿದ ನೀರು ಕಿವಿಯೊಳಕ್ಕೆ ಹೋಗುತ್ತಿತ್ತು.

"ಇದ್ದೀನಿ," ಅಂದ ಕೊನೆಗೆ. "ನನಗಿಂತ ಮೊದ್ಲು ಹುಟ್ಟಿದ ಮೂರೂ ನಿಲ್ಲಲಿಲ್ಲ. ಇದೊಂದಾದ್ರೂ ನಿಲ್ಲಲಿ ಅಂತ ನಮ್ಮವ್ವ 'ನಿಲ್ಲಲಿ' ಅಂತಲೇ ಹೆಸರಿಟ್ಳು. ಅವಳು ಹೋದ್ಮೇಲೆ ಮನೇಲಿ ಯಾರೂ ಕರೆದಿಲ್ಲ."

ನಿಜವೇ. ಸಾಮೂಹಿಕ ಬೇಸಾಯದ ಕಾಲದಲ್ಲಿ ಅವನು ಒಂದು ತಂಡದ ಮುಖಂಡನಾಗಿದ್ದ. ಆ ಬೇಸಾಯ ಮುಚ್ಚಿ ಎಷ್ಟೋ ವರ್ಷವಾದರೂ ಊರಿಗೆಲ್ಲ ಅವನು ಆ ಹುದ್ದೆಯ ಹೆಸರಿನಲ್ಲೇ 'ಬ್ರಿಗೇಡಿಯರ್'. ಹೆಂಡತಿಗೆ 'ಏಯ್'.

ಜೂರಾಖಾನ್ ಬಾಗಿಲು ಬಿಟ್ಟು ಸರಿದಳು. "ಏಯ್ ಅಂದ್ರೇ ಓಡಿ ಬರ್ತಿದ್ರು. ನಂಗೇನು ಗೊತ್ತು?" ಅಂತ ಗೋಡೆಗೆ ಹೇಳಿದಳು.

ಸೋಮವಾರ ರಿಜಿಸ್ಟರಿನಲ್ಲಿ ಕನಿಶಾಯ್ ನನ್ನ ವಾರ್ಡಿನ ಹೆಸರು ಬರೆದಳು. ವಂಶದ ಹಿರಿಯನೇ ಒಪ್ಪಿದ ಮೇಲೆ ಉಳಿದ ಮಾವಂದಿರೂ ಒಬ್ಬೊಬ್ಬರಾಗಿ ಅಪ್ಪಣೆ ಕೊಟ್ಟರು. ಕುದುರೆ ಮಾರಿದವರಂತೂ ಎಲ್ಲರಿಗಿಂತ ಮೊದಲು ಕೊಟ್ಟರು.

ಮುದುಕನ ಹೊಲಿಗೆ ಬಿಚ್ಚಿ, ಗಾಯ ಮಾಯ್ದು ಗೆರೆಯಾಯಿತು. ಆದರೂ ಅವನು ದಿನವೂ ಬೆಳಿಗ್ಗೆ ಬಂದು ಬ್ಯಾಂಡೇಜ್ ಬದಲಿಸಿಕೊಳ್ಳುವವರ ಸಾಲಿನಲ್ಲಿ ಕೂರುತ್ತಾನೆ. ಸೊಸೆ ಹೆಸರುಗಳ ಪಟ್ಟಿ ಹಿಡಿದು ಬಾಗಿಲಿಗೆ ಬರುತ್ತಾಳೆ.

"ತೊಕ್ತೊಸುನ್!"

ಅವನು ಏಳುವುದಿಲ್ಲ. ಪಕ್ಕದವನು ತಿವಿಯುತ್ತಾನೆ.

"ಕೇಳಿಸ್ಲಿಲ್ಲ," ಅನ್ನುತ್ತಾನೆ.

ಹೊಳೆಯ ಆಚೆ ದಡದಲ್ಲಿ ತನ್ನ ಕುದುರೆ ಕೆಮ್ಮಿದರೂ ಕೇಳಿಸಿಕೊಳ್ಳುವ ಕಿವಿ ಅವನದು. ಅದು ಕನಿಶಾಯ್‌ಗೂ ಗೊತ್ತು. ಅವಳು ಇನ್ನೊಮ್ಮೆ ಕರೆಯುತ್ತಾಳೆ.